ಒರಿಜಿನಲ್ ಎಂಬ ಫೋಲ್ಡರ್

ಜಾಗ ಸಾಲದು ಎಂದು ಕಂಪ್ಯೂಟರ್ ಹೇಳಿತು. ಅದು ಹೇಳಿದ್ದು ಅಷ್ಟೇ. ಮಿಕ್ಕಿದ್ದನ್ನೆಲ್ಲ ತನ್ನ ಕೈಯಾರೆ ಮಾಡಿಕೊಂಡವನು ಸುಮಧ್ವ.

ಮುಳಬಾಗಿಲಿನ ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ ಅವನು ಗುಮಾಸ್ತ. ಅಸಲು ಪ್ರತಿ ಉಳಿಸಿಕೊಂಡು ನಕಲು ಪ್ರತಿಗಳನ್ನು ಹರಿದುಹಾಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆ ಭಾನುವಾರ ಬೆಳಿಗ್ಗೆ ಅದೇ ಕೈಚಳಕವನ್ನು ಮನೆಯ ಕಂಪ್ಯೂಟರಿನ ಮೇಲೂ ತೋರಿಸಲು ಕುಳಿತ.

ಅದರಲ್ಲಿದ್ದದ್ದು ಮಾವ ಪ್ರಹ್ಲಾದಾಚಾರ್ಯರ ಭೀಮರಥ ಶಾಂತಿಯ ಫೋಟೋಗಳು. ಎಪ್ಪತ್ತು ತುಂಬಿದ್ದಕ್ಕೆ ಕೋಲಾರದಲ್ಲಿ ಮಾಡಿದ ಶಾಂತಿ ಅದು. ಅತ್ತೆ ಜಾನಕಮ್ಮ ಸ್ಟುಡಿಯೋದವನನ್ನು ಕರೆಸಬೇಕೆಂದಿದ್ದರು. "ನಾನಿರೋವಾಗ ಸ್ಟುಡಿಯೋದವನು ಯಾಕೆ ಅತ್ತೆ?" ಎಂದು ನಾಲ್ಕು ಜನರ ಮುಂದೆ ತನ್ನ ಹೊಸ ಡಿಜಿಟಲ್ ಕ್ಯಾಮೆರಾ ಎತ್ತಿ ತೋರಿಸಿದವನು ಸುಮಧ್ವನೇ. ಹಾಗಾಗಿ ಆ ಶಾಂತಿಗೆ ಸಾಕ್ಷಿ ಅಂತ ಉಳಿದದ್ದು ಈ ಕಂಪ್ಯೂಟರ್ ಒಂದೇ. ಆಲ್ಬಮ್ಮಿಗೆ ಫೋಟೋ ಆರಿಸಲು ಅತ್ತೆ ಇವತ್ತೇ ಬಸ್ಸು ಹತ್ತಿದ್ದರು.

ಕಳೆದುಹೋದೀತೆಂಬ ಭಯಕ್ಕೆ ಸುಮಧ್ವ ಆ ಫೋಟೋಗಳನ್ನು ಸಿಕ್ಕಸಿಕ್ಕ ಕಡೆ ಕಾಪಿ ಮಾಡಿಟ್ಟಿದ್ದ. ಅದೂ ಸಾಲದೆ, ಪಕ್ಕದ ಮನೆಯ ಮುನಿಯಲ್ಲಪ್ಪನವರ ಸಲಹೆಯಂತೆ, ಪರದೆಯ ಮೇಲೆ ಎದುರಿಗೇ ಕಾಣುವಂತೆ ಒಂದನ್ನು ತಂದು ಕೂರಿಸಿದ್ದ. ಅದರ ಹೆಸರಿನಲ್ಲಿ 'ಶಾರ್ಟ್‌ಕಟ್' ಎಂದಿತ್ತು. ಮಾವನವರು ಒಂದು ಮಂತ್ರವನ್ನೂ ಬಿಡದೆ ಮಾಡಿಸಿಕೊಂಡ ಶಾಂತಿಗೆ ಶಾರ್ಟ್‌ಕಟ್ ಎನ್ನುವುದೇ? ಛೆ ಎಂದು ಆ ಪದ ಅಳಿಸಿ 'ಒರಿಜಿನಲ್' ಎಂದು ಬರೆದಿದ್ದ.

ಈಗ ಒರಿಜಿನಲ್ ತೆರೆದು ನೋಡಿದ. ಎಲ್ಲ ಫೋಟೋಗಳೂ ಇದ್ದವು. ಸರಿ, ಇನ್ನು ನಕಲುಗಳೇಕೆ? ಒಂದೊಂದನ್ನೇ ಹುಡುಕಿ ಅಳಿಸಿದ. ಕಸ ಮನೆಯಲ್ಲಿ ಇಟ್ಟುಕೊಳ್ಳುವ ಜಾಯಮಾನದವನಲ್ಲ, ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. ಜಾಗ ಬೇಕಾದಷ್ಟಾಯಿತು. ಕಾಫಿ ಕೇಳುವ ಧೈರ್ಯವೂ ಬಂತು.

"ಅಮ್ಮ ಬರೋದ್ರೊಳಗೆ ನಂಗೊಂದ್ಸಲ ತೋರಿಸ್ರೀ," ಎಂದು ಹೆಂಡತಿ ಸೌಪರ್ಣಿಕಾ ಲೋಟ ಹಿಡಿದು ಬಂದಳು.

ಸುಮಧ್ವ ಗತ್ತಿನಿಂದ ಒರಿಜಿನಲ್ ಒತ್ತಿದ. ಪರದೆಯ ಮೇಲೆ ಒಂದು ಟಾರ್ಚು ಬಂದು ಆ ಕಡೆ ಈ ಕಡೆ ಬೆಳಕು ಬಿಟ್ಟು ಹುಡುಕತೊಡಗಿತು. ಹುಡುಕಿ ಹುಡುಕಿ, ನೀವು ಕೇಳಿದ್ದು ಸಿಗಲಿಲ್ಲ, ಹೆಚ್ಚುಕಡಿಮೆ ಅದರ ಹಾಗೇ ಇರುವುದು ಇದು ಎಂದು 'ಹಳೇ ಹಾಡುಗಳು' ಫೋಲ್ಡರನ್ನು ಬಹಳ ವಿನಯದಿಂದ ಮುಂದಿಟ್ಟಿತು.

"ಇದೇನ್ರೀ? ಅಪ್ಪನ ಫೋಟೋ ಎಲ್ಲಿ?"

"ಇರು ಕಣೇ, ಸುಮ್ನಿರು," ಎಂದ ಸುಮಧ್ವ. ಮತ್ತೆ ಒತ್ತಿದ. ಮತ್ತೆ ಟಾರ್ಚು, ಮತ್ತೆ ಹಳೇ ಹಾಡು. ಅಂಗೈ ಬೆವರಿ ಮೌಸು ಜಾರತೊಡಗಿತು. ಕ್ಯಾಮೆರಾದ ಕಾರ್ಡನ್ನು ಅವನು ಎಂದೋ ಅಳಿಸಿ, ಅದರಲ್ಲಿ ತಾರಸಿಯ ಗುಲಾಬಿ ಗಿಡಗಳನ್ನು ತುಂಬಿದ್ದ. ಶಾಂತಿ ಎಲ್ಲೂ ಇರಲಿಲ್ಲ.

"ಏಮಾಯ್ತು ಸಾಮಿ?" ಎಂದು ಮುನಿಯಲ್ಲಪ್ಪನವರು ಕಾಂಪೌಂಡಿನ ಆಚೆಯಿಂದಲೇ ಕೇಳಿದರು. ಕೇಳಿ ಮುಗಿಸುವಷ್ಟರಲ್ಲಿ ಒಳಗೇ ಬಂದಿದ್ದರು. "ಆಫ್ ಮಾಡಿ ಆನ್ ಮಾಡಿ. ನಮ್ಮ ಟೀವಿ ಹಂಗೇ ಸರಿಹೋಗೋದು." ಬೇಡ ಎನ್ನುವುದರೊಳಗೆ ಸ್ವಿಚ್ಚಿಗೆ ಕೈ ಹಾಕಿಯೂಬಿಟ್ಟರು. ಕಂಪ್ಯೂಟರ್ ಸತ್ತು ಹುಟ್ಟಿತು. ಫೋಟೋಗಳು ಹುಟ್ಟಲಿಲ್ಲ.

ಸೌಪರ್ಣಿಕಾ ಅಳುವುದೊಂದು ಬಾಕಿ. "ಅಮ್ಮ ಊರಿಗೆಲ್ಲಾ ಹೇಳಿದಾಳೆ ಕಣ್ರೀ, ನಮ್ಮ ಅಳಿಯಂದ್ರೇ ಫೋಟೋ ತೆಗೆದಿದ್ದು ಅಂತ. ಈಗ ಏನಂತ ಹೇಳ್ಲಿ? ಇನ್ನೊಂದ್ಸಲ ಎಪ್ಪತ್ತು ತುಂಬತ್ತಾ ಅಪ್ಪಂಗೆ?"

ಸುಮಧ್ವ ಫೋನು ಮಾಡಿ ಕಂಪ್ಯೂಟರ್ ಅಂಗಡಿಯ ಕದಿರೇಶನನ್ನು ಕರೆದ. ಕದಿರೇಶ ಬಂದು, ತಂಪು ಕನ್ನಡಕವನ್ನು ತಲೆಯ ಮೇಲೇರಿಸಿ, ಒರಿಜಿನಲ್ ನೋಡಿ, ಜೋರಾಗಿ ನಕ್ಕ.

"ಇದು ಫೋಲ್ಡರ್ ಅಲ್ಲ ಸಾರ್, ಫೋಲ್ಡರ್‌ಗೆ ದಾರಿ ತೋರಿಸೋ ಬೋರ್ಡು. ಬೋರ್ಡ್ ಉಳಿಸ್ಕೊಂಡು ಊರನ್ನೇ ಕೆಡವಿದೀರಲ್ಲ!"

"ವಾಪಸ್ ಬರತ್ತಾ ಕದಿರೇಶ?"

"ಟ್ರೈ ಮಾಡೋಣ. ಅಳಿಸಿದ್ದನ್ನ ಎಬ್ಬಿಸೋ ಸಾಫ್ಟ್‌ವೇರ್ ಸೀಡೀಲಿ ತಂದಿದೀನಿ. ಆದ್ರೆ ನಡುವೆ ಕರೆಂಟ್ ಹೋಗ್ಬಾರ್ದು, ನೋಡಿ. ಹೋದ್ರೆ ನನ್ನ ಕೇಳ್ಬೇಡಿ."

ಪರದೆಯ ಮೇಲೆ ನೀಲಿ ಪಟ್ಟಿಯೊಂದು ಇರುವೆಯಂತೆ ತೆವಳತೊಡಗಿತು. ಅದು ಅರ್ಧವೂ ತಲುಪಿರಲಿಲ್ಲ, ಬಾಗಿಲಲ್ಲಿ ಜಾನಕಮ್ಮನವರ ದನಿ ಕೇಳಿತು.

"ಎಲ್ಲಿ ಅಳಿಯಂದ್ರು? ಫೋಟೋ ರೆಡಿನಾ?"

"ಬನ್ನಿ ಅತ್ತೆ, ರೆಡಿ ಆಗ್ತಾ ಇದೆ," ಎಂದ ಸುಮಧ್ವ. ಹೇಗೋ ಪುಣ್ಯಕ್ಕೆ, ಬಸ್ಸಿನಲ್ಲಿ ಬಂದ ಮೈಲಿಗೆಯಲ್ಲಿ ಜಾನಕಮ್ಮ ಒಂದು ಲೋಟ ನೀರನ್ನೂ ಮುಟ್ಟುವವರಲ್ಲ. ನೇರ ಬಚ್ಚಲಿಗೆ ನಡೆದರು. ನೀರು ಇನ್ನಷ್ಟು ಕಾಯಲಿ ಅಮ್ಮ ಎಂದು ಸೌಪರ್ಣಿಕಾ ಒಲೆಗೆ ಎರಡು ಕೊಬ್ಬರಿ ಮಟ್ಟೆ ಹೆಚ್ಚಿಗೆ ತುರುಕಿದಳು.

ಆಗಲೇ ಕರೆಂಟು ಹೋಯಿತು.

ಯುಪಿಎಸ್ಸು ಕೀ ಕೀ ಎಂದು ಬಡಿದುಕೊಂಡಿತು. "ಹತ್ತು ನಿಮಿಷವೂ ತಡೆಯಲ್ಲ ಸಾರ್ ಇದು," ಎಂದ ಕದಿರೇಶ. ಅವನ ಕನ್ನಡಕ ತಲೆಯಿಂದ ಮೂಗಿಗೆ ಇಳಿದಿತ್ತು. ಸುಮಧ್ವ ಕೈಮುಗಿದು ನಿಂತ, ದೇವರಿಗೋ ಯುಪಿಎಸ್ಸಿಗೋ ಅವನಿಗೇ ಗೊತ್ತಿರಲಿಲ್ಲ.

"ನಮ್ಮನೇಲಿ ಐತೆ ಸಾಮಿ ಕರೆಂಟು! ನಮ್ಮದು ಬೇರೆ ಫೇಸು!" ಎಂದು ಮುನಿಯಲ್ಲಪ್ಪ ಓಡಿದರು. ಬೋರ್‌ವೆಲ್ಲಿನ ಉದ್ದನೆಯ ವೈರನ್ನು ಕಾಂಪೌಂಡ್ ಹಾರಿಸಿ, ಹಿತ್ತಲಿನಿಂದ ಎಳೆದು, ಬಚ್ಚಲ ಬಾಗಿಲ ಮುಂದಿನಿಂದಲೇ ತಂದು ಯುಪಿಎಸ್ಸಿಗೆ ಸಿಕ್ಕಿಸಿದರು. ಕೀ ಕೀ ನಿಂತಿತು. ಅಷ್ಟರಲ್ಲಿ ಬಚ್ಚಲ ಬಾಗಿಲು ತೆರೆದು ಜಾನಕಮ್ಮ ಒದ್ದೆ ಸೀರೆಯಲ್ಲಿ ಹೊರಗೆ ಕಾಲಿಟ್ಟರು.

"ಅತ್ತೇ! ಅಲ್ಲೇ ನಿಲ್ಲಿ! ವೈರ್ ತುಳೀಬೇಡಿ!"

"ಮಡೀಲಿದೀನಿ, ಇದೇನ್ರೀ ದಾರಿಗಡ್ಡ ಹಾಸಿದೀರಿ? ತೆಗೀರಿ!"

"ತೆಗೆದ್ರೆ ಮಾವ ಹೋಗ್ಬಿಡ್ತಾರೆ ಅತ್ತೆ!"

ಬಾಯಿಂದ ಬಿದ್ದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಸಾಫ್ಟ್‌ವೇರ್ ಕದಿರೇಶನ ಹತ್ತಿರವೂ ಇರಲಿಲ್ಲ. ಜಾನಕಮ್ಮ ಬಚ್ಚಲ ಹೊಸಿಲಲ್ಲೇ ನಿಂತು ಅಳಿಯನನ್ನು ದುರುಗುಟ್ಟಿ ನೋಡಿದರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಸೌಪರ್ಣಿಕಾ ನಡೆದದ್ದೆಲ್ಲವನ್ನೂ ಹೇಳಿಬಿಟ್ಟಳು. ಅತ್ತೆ ಒದ್ದೆ ಸೆರಗನ್ನು ಹಿಂಡುತ್ತ ನಿಂತರು. ಸುಮಧ್ವನಿಗೆ ಬೈಗುಳವೇ ವಾಸಿ ಎನ್ನಿಸಿತು.

"ಬಂತು ಸಾರ್!" ಕದಿರೇಶ ಕೂಗಿದ. "ಎಲ್ಲಾ ಬಂತು! ಇವತ್ತು ಅಳಿಸಿದ್ದಷ್ಟೇ ಅಲ್ಲ, ಈ ಕಂಪ್ಯೂಟರ್ ತಂದಾಗಿಂದ ಅಳಿಸಿದ್ದೆಲ್ಲಾ ಎದ್ದು ಕೂತಿದೆ!"

ಖುಷಿಯಲ್ಲಿ ಸುಮಧ್ವನಿಗೆ ಮೊದಲ ಎರಡು ಮಾತಷ್ಟೇ ಕೇಳಿಸಿತು. ವೈರು ಕಿತ್ತು ದಾರಿ ಬಿಡಿಸಿ, ಕರೆಂಟು ಬಂದ ಮೇಲೆ ಜಾನಕಮ್ಮನವರನ್ನು ಕುರ್ಚಿಯಲ್ಲಿ ಕೂರಿಸಿದರು. ಫೋಟೋಗಳು ಒಂದರ ಹಿಂದೊಂದು ತಾವೇ ಬರತೊಡಗಿದವು. ಕಲಶ, ಹೋಮ, ಮಣೆಯ ಮೇಲೆ ಗಂಭೀರವಾಗಿ ಕುಳಿತ ಪ್ರಹ್ಲಾದಾಚಾರ್ಯರು. ಒಂದೊಂದೂ ಐದೈದು ಸಲ ಬಂದರೂ ಜಾನಕಮ್ಮನವರಿಗೆ ಬೇಸರವಿಲ್ಲ. ಅವರ ಕಣ್ಣು ಒದ್ದೆಯಾಯಿತು. "ಹೋಗ್ಲಿ ಬಿಡಿ, ಅಳಿಯಂದ್ರೇ. ಚೆನ್ನಾಗಿ ತೆಗೆದಿದೀರಿ," ಎಂದರು. ಸುಮಧ್ವ ಬೆಳಗಿನಿಂದ ಹಿಡಿದಿದ್ದ ಉಸಿರು ಬಿಟ್ಟ.

ಆಗ ಪರದೆಯ ಮೇಲೆ ಒಂದು ಹೋಟೆಲು ಬಂತು.

ಮೇಜಿನ ಮೇಲೆ ಈರುಳ್ಳಿ ತುಂಬಿದ ಎರಡು ಮಸಾಲೆ ದೋಸೆ. ಒಂದರ ಮುಂದೆ ಸುಮಧ್ವ. ಇನ್ನೊಂದರ ಮುಂದೆ, ಒಂದು ತುಂಡು ಬಾಯಲ್ಲಿ, ಇನ್ನೊಂದು ಕೈಯಲ್ಲಿ, ಮಗುವಿನ ಹಾಗೆ ನಗುತ್ತಿರುವ ಪ್ರಹ್ಲಾದಾಚಾರ್ಯರು. ಹೊಸ ಕ್ಯಾಮೆರಾ ಹೇಗಿದೆ ನೋಡೋಣ ಎಂದು ಸಪ್ಲೈಯರ್ ಕೈಗೆ ಕೊಟ್ಟು ತೆಗೆಸಿದ್ದು. "ಅಳಿಸಿಬಿಡಿ ಅಳಿಯಂದ್ರೇ, ಮರೀಬೇಡಿ" ಎಂದು ಮಾವ ಆಣೆ ಹಾಕಿಸಿಕೊಂಡಿದ್ದರು. ಅಳಿಯ ಕಂಪ್ಯೂಟರಿಗೆ ಹಾಕಿ ಒಂದು ಸಲ ನೋಡಿ ಅಳಿಸಿಯೂ ಇದ್ದ.

ದೋಸೆ ತಿಂದರೆ ತಿನ್ನಲಿ. ಆದರೆ ಜಾನಕಮ್ಮ ನೋಡುತ್ತಿದ್ದದ್ದು ದೋಸೆಯನ್ನಲ್ಲ, ಹಣೆಗಳನ್ನು. ಎರಡು ಹಣೆಯ ಮೇಲೂ ಅಂಗಾರದ ಕಪ್ಪು ಗೆರೆ ಮಾತ್ರ ಇತ್ತು. ಊಟ ಮಾಡುವ ದಿನವಾದರೆ ಗೆರೆಯ ಕೆಳಗೆ ಅಕ್ಷತೆಯ ಬೊಟ್ಟೂ ಇರಬೇಕು. ಬೊಟ್ಟಿಲ್ಲದ ಬರೀ ಗೆರೆ ಎಂದರೆ ಅವರ ಮನೆತನದಲ್ಲಿ ಒಂದೇ ಅರ್ಥ, ಅಂದು ಏಕಾದಶಿ.

"ಮಠದಲ್ಲಿ ಇಡೀ ದಿನ ಕೂತಿದ್ವಿ, ನೀರೂ ಮುಟ್ಟಿಲ್ಲ ಅಂದ್ರಿ, ಇಬ್ರೂ," ಎಂದರು ಜಾನಕಮ್ಮ ಮೆಲ್ಲಗೆ. "ಪಾಪ ಹಸಿದಿದಾರೆ ಅಂತ ದ್ವಾದಶಿ ಬೆಳಗಿನ ಜಾವ ಎದ್ದು ಅಗಸೆ ಸೊಪ್ಪಿನ ಪಲ್ಯ ಮಾಡಿ ಬಡಿಸಿದೆ. ಉಪವಾಸ ಇದ್ದೋಳು ನಾನೊಬ್ಳೇ."

ಮುನಿಯಲ್ಲಪ್ಪನವರು ವೈರು ಸುತ್ತುವುದರಲ್ಲಿ ಮಗ್ನರಾದರು.

"ಶಾಂತಿ ಫೋಟೋಲಿ ಒಂದರಲ್ಲೂ ಇವರು ನಕ್ಕಿಲ್ಲ. ಇದರಲ್ಲಿ ನೋಡಿ, ಎಷ್ಟು ಕಳೆ!" ಜಾನಕಮ್ಮ ಕನ್ನಡಕ ಒರೆಸಿ ಹಾಕಿಕೊಂಡರು. "ಇದನ್ನ ದೊಡ್ಡದು ಮಾಡ್ಸಿ, ಫ್ರೇಮ್ ಹಾಕ್ಸಿ. ಹಾಲಲ್ಲಿ ತೂಗುಹಾಕ್ಬೇಕು. ನೀವೇ ತಗೊಂಡ್ಬಂದು ನಿಮ್ಮ ಮಾವನ ಕೈಗೇ ಕೊಡ್ಬೇಕು, ಅಳಿಯಂದ್ರೇ."

ಫೋನು ಹೊಡೆದುಕೊಂಡಿತು. ಅತ್ತೆ ಕಣ್ಣಲ್ಲೇ ತೋರಿಸಿದರು, ಎತ್ತಿ ಎಂದು. ಕೋಲಾರದಿಂದ ಪ್ರಹ್ಲಾದಾಚಾರ್ಯರ ಉತ್ಸಾಹದ ದನಿ.

"ಏನು ಅಳಿಯಂದ್ರೇ, ನಿಮ್ಮತ್ತೆ ಬಂದ್ಲಾ? ಫೋಟೋ ಎಲ್ಲಾ ಸರಿಯಾಗಿ ತೋರಿಸಿದ್ರಾ?"

"ತೋರಿಸ್ದೆ ಮಾವ," ಎಂದ ಸುಮಧ್ವ. "ಒಂದೂ ಬಿಟ್ಟಿಲ್ಲ."