ಉಪವಾಸದ ಬಾಟಲಿಗಳು

ನಮ್ಮ ಸೋದರಮಾವ ಇರುವೆಯನ್ನೂ ನೋಯಿಸುವವರಲ್ಲ. ಆದರೂ ಕೋಟ್ಯಂತರ ಜೀವಗಳನ್ನು ಉಪವಾಸ ಕೆಡವಿದ ಪಾಪ ಅವರ ತಲೆಯ ಮೇಲಿದೆ! ಹೇಳಿದರೆ ನಂಬುತ್ತೀರಾ?

ಉರಿಗಾಂನಲ್ಲಿ ಅವರ ಮನೆಗೆ ಎದುರೇ ಸೈನೈಡ್ ಗುಡ್ಡ. ಗಣಿಯವರು ಚಿನ್ನ ತೆಗೆದು ಸುರಿದ ಪುಡಿಮಣ್ಣಿನ ರಾಶಿ. ಗಾಳಿ ಎದ್ದರೆ ಆ ಧೂಳೆಲ್ಲ ಅತ್ತೆಯ ಎದೆಗೆ. ಅವರ ಕೆಮ್ಮು ಕೇಳಿ ಕೇಳಿ, ವಿಜ್ಞಾನದ ಮೇಷ್ಟ್ರಾಗಿ ನಿವೃತ್ತರಾದ ಮಾವ ಗುಡ್ಡದ ಮೇಲೆ ಹುಲ್ಲು ಬೆಳೆಸುವ ಶಪಥ ಮಾಡಿದರು. ಬರಡು ಮಣ್ಣಿಗೆ ಸಾರಜನಕ ಬೇಕಲ್ಲ? ಬಂಗಾರಪೇಟೆಯ ಕೆರೆಯ ಕೆಸರಿನಿಂದ ಕೆಂಪು ಬ್ಯಾಕ್ಟೀರಿಯಾ ಬೆಳೆಸಿ, ಕೂಲ್‌ಡ್ರಿಂಕ್ ಬಾಟಲಿಗಳಿಗೆ ತುಂಬಿ, ಬಾಯಿಗೆ ಬಲೂನು ಕಟ್ಟಿ ಬಿಸಿಲಿಗೆ ನಿಲ್ಲಿಸಿದರು.

"ಯಾರುಕ್ಕು ಬರ್ತ್‌ಡೇ ಸಾರ್?" ಎಂದು ಪಕ್ಕದ ಮನೆಯವರು ತಮಿಳಿನಲ್ಲಿ ಕೇಳಿದರು.

"ನೈಟ್ರೋಜಿನೇಸ್‌ಗೆ!" ಎಂದರು ಮಾವ. ಮಕ್ಕಳಿಲ್ಲದ ಮನೆಯಲ್ಲಿ ಇದ್ಯಾರಪ್ಪ ಎಂದು ಬೀದಿಯೆಲ್ಲ ತಲೆ ಕೆಡಿಸಿಕೊಂಡಿತು.

ಅದು ಆ ಬ್ಯಾಕ್ಟೀರಿಯಾದೊಳಗಿನ ಕಿಣ್ವ. ಬಿಸಿಲಿನ ಬಲದಿಂದ ಗಾಳಿಯ ಸಾರಜನಕವನ್ನು ಗೊಬ್ಬರ ಮಾಡುತ್ತದೆ. ಆಗ ಹೊರಡುವ ಅನಿಲಕ್ಕೆ ಬಲೂನು ಉಬ್ಬಬೇಕು. ಆದರೆ ಬ್ಯಾಕ್ಟೀರಿಯಾ ಮಹಾ ಸೋಮಾರಿ! ಚಿಟಿಕೆ ಯೂರಿಯಾ ಸಿಕ್ಕರೆ ಸಾಕು, ಕಿಣ್ವಕ್ಕೆ ಬೀಗ ಜಡಿದುಬಿಡುತ್ತದೆ. ಸಿಕ್ಕ ಊಟ ಖಾಲಿಯಾದ ಮೇಲೇ ಬೀಗ ತೆಗೆಯುವುದು. ಅದಕ್ಕೇ ಉಪವಾಸ.

ಬಲೂನು ಮಾತ್ರ ಉಬ್ಬಲೇ ಇಲ್ಲ. ಮಾವ ಬಲೂನು ಬದಲಿಸಿದರು, ಬಾಟಲಿ ಬದಲಿಸಿದರು, ಕೊನೆಗೆ ಕೆರೆಯನ್ನೇ ಬದಲಿಸಿದರು! ಅತ್ತ ಕೆಮ್ಮು ಏರುತ್ತಲೇ ಇತ್ತು. "ನನ್ ಕೈಲಾಗಲ್ಲ ಕಣ್ಲಾ" ಎಂದು ನನ್ನೆದುರು ತಲೆ ಹಿಡಿದು ಕೂತರು.

ಆಗಲೇ ಕಂಡದ್ದು, ಹಿತ್ತಲಲ್ಲಿ ಅತ್ತೆ! ಬೂದಿಕೋಟೆಯ ಹಾಲು ಮಾರುವ ಮನೆಯ ಹೆಣ್ಣುಮಗಳು. ದಾರಿಹೋಕ ಕರುವಿಗೂ ಏನಾದರೂ ಇಕ್ಕದೆ ಕಳಿಸಿದವರಲ್ಲ. ಬಲೂನು ಬಿಚ್ಚಿ, ಕರಿಬೇವಿನ ಗಿಡಕ್ಕೆ ಇಟ್ಟಿದ್ದ ಯೂರಿಯಾವನ್ನು ಚಿಟಿಕೆ ಚಿಟಿಕೆ ಬಾಟಲಿಗೆ ಹಾಕುತ್ತಿದ್ದರು.

"ಬಾಯಿಲ್ಲದ ಜೀವ ಕಣಪ್ಪ. ಅಸ್ಕೊಂಡು ಎಂಗೆ ಕೆಂಪಗಾಗವೆ ನೋಡು!" ಎಂದರು ನನಗೆ.

"ಲೇ, ನೀನು ಇಕ್ತಾ ಇದ್ರೆ ಅವು ಕೆಲ್ಸ ಮಾಡಲ್ವೇ!" ಮಾವ ಕಿರುಚಿದರು.

"ನೀವೇನ್ ಉಂಡ್ಮೇಲೆ ಕೆಲ್ಸ ಮಾಡ್ತೀರಾ?" ಎಂದರು ಅತ್ತೆ.

ಅತ್ತೆಯನ್ನು ತಡೆಯುವವರು ಯಾರು? ಬಲೂನುಗಳು ಜೋತುಬಿದ್ದೇ ಇದ್ದವು.

ಈ ಬೇಸಿಗೆಯ ಗಾಳಿಗೆ ಅತ್ತೆ ಉಳಿಯಲಿಲ್ಲ. ಗುಡ್ಡದ ಮೇಲೆ ಒಂದೆಸಳು ಹುಲ್ಲೂ ಬಂದಿರಲಿಲ್ಲ.

ತಿಥಿಯ ದಿನ ಹಿತ್ತಲಿಗೆ ಹೋದರೆ ಬಲೂನುಗಳೆಲ್ಲ ದುಂಡಗೆ ಉಬ್ಬಿ ನಿಂತಿದ್ದವು. ಸಾವಿನ ಮನೆಯಲ್ಲಿ ಬಲೂನು! ನೆಂಟರು ಮುಖ ಸಿಂಡರಿಸಿದರು.

"ಗೆದ್ರಿ ಮಾವ!" ಬಾಯಿ ತಪ್ಪಿ ಅಂದುಬಿಟ್ಟೆ.

ಮಾವ ಒಂದು ಬಲೂನು ಮುಟ್ಟಿ ನೋಡಿದರು. "ಇಕ್ಕೋ ಕೈ ನಿಂತೋಯ್ತಲ್ಲೋ" ಎಂದು ಬಿಕ್ಕಿ ಬಿಕ್ಕಿ ಅತ್ತರು. ಒಳಗೆ ಎಡೆ ಇಡುತ್ತಿದ್ದ ಹೊತ್ತಿಗೆ ಅತ್ತೆಯ ಯೂರಿಯಾ ಡಬ್ಬಿ ತಂದು, ಬಲೂನು ಬಿಚ್ಚಿ, ಒಂದೊಂದು ಬಾಟಲಿಗೂ ಚಿಟಿಕೆ ಹಾಕಿದರು.

"ಕೆಲ್ಸ ಆಮೇಲೆ ಮಾಡ್ಲಿ ಕಣ್ಲಾ. ಇವತ್ತು ಅವಳ ಎಡೆ. ಉಣ್ಲಿ."