ಭಾವನಿಗೆ ಬೆರಳು ಕೊಟ್ಟ ಕಥೆ

ನನ್ನ ಭಾವನವರಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ರಕ್ತ ನೆನಪಿರುತ್ತದೆ. ಉತ್ಪ್ರೇಕ್ಷೆ ಎನ್ನುವವರು ಅವರ ಜೊತೆ ಒಂದು ಮದುವೆಗೆ ಹೋಗಿ ನೋಡಬೇಕು.

ಭಾವ ಎಂದರೆ ನನ್ನ ಅಕ್ಕನ ಗಂಡ. ಮದ್ರಾಸಿಗೆ ಬಂದ ನಮ್ಮೂರ ಕಡೆಯವರೆಲ್ಲ ಹೋಟೆಲು, ಬ್ಯಾಂಕು, ರೈಲ್ವೆ ಎಂದು ಮರ್ಯಾದಸ್ಥ ಉದ್ಯೋಗ ಹಿಡಿದರೆ, ಇವರೊಬ್ಬರು ಮಲೇರಿಯಾ ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕುಳಿತು ಮೂವತ್ತು ವರ್ಷ ಜನರ ಬೆರಳು ಚುಚ್ಚಿದರು. ಜ್ವರ ಬಂದವರ ಬೆರಳಿನಿಂದ ಒಂದು ಹನಿ ರಕ್ತ ತೆಗೆದು, ಸ್ಲೈಡೆಂಬ ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗಿಟ್ಟು ಮಲೇರಿಯಾದ ರೋಗಾಣುವನ್ನು ಹುಡುಕುವುದು ಅವರ ಕೆಲಸ. ಕೆಲಸ ಎಂದೆನೆ? ತಪ್ಪಾಯಿತು. ಉಪಾಸನೆ.

ಮೈಲಾಪೂರಿನ ಒಂದು ಛತ್ರದಲ್ಲಿ ನಮ್ಮ ಕಡೆಯ ಮದುವೆ. ಬೀಗರ ಪೈಕಿ ಹಿರಿಯರೊಬ್ಬರು ಬಂದು ಭಾವನಿಗೆ ಕೈಮುಗಿದರು. ಭಾವ ಅವರನ್ನು ಗೋಡೆ ನೋಡಿದಂತೆ ನೋಡಿದರು.

"ನೆನಪಾಗಲಿಲ್ವಾ? ಎರಡು ವರ್ಷದ ಹಿಂದೆ ಎಗ್ಮೋರಿಂದ ನಡುಗ್ತಾ ಬಂದಿದ್ದೆ ನಿಮ್ಮ ಕ್ಲಿನಿಕ್ಕಿಗೆ. ದಿನ ಬಿಟ್ಟು ದಿನ ಜ್ವರ."

ಭಾವನ ಮುಖದಲ್ಲಿ ದೀಪ ಹತ್ತಿತು. "ಓ, ನೀವಾ! ಎಂಥ ಸ್ಲೈಡು ಮಾರಾಯ್ರೆ ನಿಮ್ಮದು. ಎಲ್ಲಿ ನೋಡಿದ್ರೂ ಉಂಗುರ. ಹೊಸಬರಿಗೆ ಕಲಿಸ್ಲಿಕ್ಕೆ ಅಂತ ನಾನು ಅದನ್ನು ಜೋಪಾನ ಇಟ್ಟಿದ್ದೇನೆ."

ಉಂಗುರವೆಂದರೆ ಆ ರೋಗಾಣುವಿನ ಎಳೆಯ ರೂಪ. ಮದುವೆ ಮನೆಯಲ್ಲಿ ಉಂಗುರದ ಮಾತು ಕೇಳಿದ ನಾಲ್ವರು ಹೆಂಗಸರು ಹತ್ತಿರ ಬಂದರು. ವಿಷಯ ತಿಳಿದ ಮೇಲೆ ಎಂಟು ಹೆಜ್ಜೆ ಹಿಂದೆ ಸರಿದರು. ಹಿರಿಯರು ಮಾತ್ರ ಸನ್ಮಾನವಾದವರಂತೆ ಊಟಕ್ಕೆ ಹೋದರು.

ಇಂಥವರು ಮನೆಗೆ ಬಂದರೆ ಏನು ಮಾಡುತ್ತಾರೆ? ಲೋಕದ ಭಾವಂದಿರು ಕಾಫಿ ಕೇಳುತ್ತಾರೆ. ಇವರು ಚಪ್ಪಲಿ ಬಿಟ್ಟವರೇ ಫ್ರಿಜ್ಜಿನ ಹಿಂದೆ ಕೈ ಹಾಕಿ ನೀರು ನಿಂತಿದೆಯೇ ನೋಡುತ್ತಾರೆ. ಹೂಕುಂಡದ ತಟ್ಟೆ ಬಗ್ಗಿಸುತ್ತಾರೆ. ಬಳಿಕ ಮಹಡಿಯ ಮೇಲಿನ ನೀರಿನ ಟ್ಯಾಂಕು. ನಮ್ಮದು ಮೈಲಾಪೂರಿನ ಹಳೆಯ ಫ್ಲಾಟು, ನಾನು ಅಲ್ಲಿನ ಸಂಘದ ಕಾರ್ಯದರ್ಶಿ. ಟ್ಯಾಂಕಿನ ಮುಚ್ಚಳ ಒಡೆದು ಎರಡು ವರ್ಷವಾಗಿತ್ತು. ಅದರ ಮೇಲೆ ಒಂದು ತಗಡು, ತಗಡಿನ ಮೇಲೆ ಒಂದು ಕಲ್ಲು ಇಟ್ಟು ಆಡಳಿತ ನಡೆಸುತ್ತಿದ್ದೆ.

"ಮುಚ್ಚಳ ಇಲ್ಲದ ಟ್ಯಾಂಕು ಅಂದ್ರೆ ಸೊಳ್ಳೆಗೆ ಹೆರಿಗೆ ಆಸ್ಪತ್ರೆ ಮಾರಾಯ," ಎಂದರು ಭಾವ ಏಣಿಯ ಮೇಲಿಂದ.

"ಮುಂದಿನ ಮೀಟಿಂಗಿನಲ್ಲಿ ವಿಷಯ ಇಡ್ತೇನೆ ಭಾವ."

"ಹಾಗಾದ್ರೆ ಸೊಳ್ಳೆಗೂ ಒಂದು ನೋಟೀಸು ಕಳಿಸು, ಮೀಟಿಂಗಿಗೆ ಬರ್ಲಿ."

ವಿಮಾ ಕಚೇರಿಯ ಅಧಿಕಾರಿಯಾದ ನನಗೆ ಲ್ಯಾಬಿನವರೊಬ್ಬರು ಆಡಳಿತ ಹೇಳಿಕೊಡುವುದೆ? ಅವರು ಹೋದ ಮೇಲೆ ಆ ಕಲ್ಲನ್ನು ತೆಗೆದು ಇನ್ನೂ ದೊಡ್ಡ ಕಲ್ಲನ್ನಿಟ್ಟೆ.

ಹೀಗಿರಲು ಕೊರೊನಾ ಬಂತು. ಇನ್ನಾದರೂ ಭಾವನ ಹುಚ್ಚು ಇಳಿದೀತೆಂದು ನಾವೆಲ್ಲ ಭಾವಿಸಿದೆವು. ದೇಶಕ್ಕೆ ದೇಶವೇ ಒಂದು ರೋಗಕ್ಕೆ ಹೆದರಿ ಕದವಿಕ್ಕಿಕೊಂಡಿರುವಾಗ ಇನ್ನೊಂದು ರೋಗದ ಮೇಲೆ ಮೋಹ ಇಟ್ಟುಕೊಳ್ಳುವುದು ಅಶಿಸ್ತಲ್ಲವೆ? ಅವರ ಕ್ಲಿನಿಕ್ಕನ್ನೂ ಜ್ವರ ತಪಾಸಣೆಯ ಕೇಂದ್ರ ಮಾಡಿ, ಭಾವನ ಕೈಗೆ ಮೂಗಿನ ಕಡ್ಡಿ ಕೊಟ್ಟರು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಮಾತಾಡದೆ ಕಡ್ಡಿ ಹಾಕಿಕೊಂಡಿದ್ದರೆ ಯಾರಿಗೂ ತೊಂದರೆ ಇರಲಿಲ್ಲ.

ಭಾವ ಮೂಗಿಗೆ ಕಡ್ಡಿ ಹಾಕಿದರು. ಹಾಕಿ, "ಬೆರಳು ಕೊಡಿ" ಎಂದರು.

ಮೂಗಿನ ಭಯದಿಂದಲೇ ಅರ್ಧ ಪ್ರಾಣವಾಗಿ ಬಂದವರು ಬೆರಳಿನ ಸುದ್ದಿ ಕೇಳಿ ಉಳಿದರ್ಧವನ್ನೂ ಬಿಟ್ಟರು. ಸಾಲಿನಲ್ಲಿ ಗದ್ದಲವೆದ್ದಿತು. ಅಲ್ಲಿನ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಓಡಿ ಬಂದು, "ಸಾರ್, ಈ ಗಲಾಟೆಯಲ್ಲಿ ಮಲೇರಿಯಾ ಯಾರಿಗೆ ಬೇಕು?" ಎಂದು ತಮಿಳಿನಲ್ಲಿ ಕೇಳಿದರಂತೆ. ಭಾವ ಗಾಜಿನ ಪಟ್ಟಿಯಿಂದ ಕಣ್ಣೆತ್ತದೆ, "ಕೊಸುವುಕ್ಕು ಲಾಕ್‌ಡೌನ್ ಕಿಡೆಯಾದು ಮೇಡಂ" ಎಂದರಂತೆ. ಸೊಳ್ಳೆಗೆ ಲಾಕ್‌ಡೌನ್ ಇಲ್ಲ ಎಂದರ್ಥ. ಡಾಕ್ಟರಮ್ಮ ಕೈಬಿಟ್ಟರು. ಮೂಗಿಗೊಂದು ಬೆರಳಿಗೊಂದು ಎಂಬ ಪದ್ಧತಿ ಅಂದಿನಿಂದ ಜಾರಿಗೆ ಬಂತು.

ಇನ್ನು ಆ ವೇಷ. ಅಡಿಯಿಂದ ಮುಡಿಯವರೆಗೆ ಪ್ಲಾಸ್ಟಿಕ್ಕು, ಮುಖದ ಮುಂದೆ ಪಾರದರ್ಶಕ ಹಾಳೆ. ಆ ಹಾಳೆ ಇದ್ದರೆ ಕಣ್ಣು ಮೈಕ್ರೋಸ್ಕೋಪಿಗೆ ತಾಗುವುದಿಲ್ಲ. "ಅದನ್ನು ಹಾಕ್ಕೊಂಡು ಸ್ಲೈಡು ನೋಡುವುದು ಕೊಡೆ ಹಿಡ್ಕೊಂಡು ಸ್ನಾನ ಮಾಡಿದ ಹಾಗೆ," ಎಂದು ಭಾವ ಹಾಳೆಯನ್ನು ಕಿತ್ತು ಕಿಟಕಿಗೆ ತೂಗುಹಾಕಿದರು. ಅಕ್ಕ ಫೋನಿನಲ್ಲಿ ಅತ್ತಳು. ನಾನು ಗಂಭೀರವಾಗಿ ಸಲಹೆ ಕೊಟ್ಟೆ: "ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಹೊರಗಿಂದ ಚಿಲಕ ಹಾಕು. ಕೊರೊನಾ ಮುಗಿದ ಮೇಲೆ ತೆಗಿ."

ಈ ಸಲಹೆ ಕೊಟ್ಟ ನಾಲ್ಕನೆಯ ದಿನ, ಬೆಳಿಗ್ಗೆ ಹನ್ನೊಂದು ಗಂಟೆಗೆ, ನನಗೆ ಚಳಿ ಹಿಡಿಯಿತು.

ಮದ್ರಾಸಿನ ಮೇ ತಿಂಗಳಲ್ಲಿ ಎರಡು ಕಂಬಳಿ ಹೊದ್ದು ನಡುಗುವುದು ಸಾಮಾನ್ಯರಿಗೆ ಸಿಗುವ ಭಾಗ್ಯವಲ್ಲ. ಹೆಂಡತಿ ನನ್ನನ್ನು ದೂರದಿಂದಲೇ ಕೋಣೆಗೆ ಅಟ್ಟಿ, ಊಟದ ತಟ್ಟೆಯನ್ನು ಪೊರಕೆಯ ಹಿಡಿಯಿಂದ ಒಳಗೆ ನೂಕಲು ತೊಡಗಿದಳು. ನೆರೆಯವರು ನಮ್ಮ ಬಾಗಿಲ ಮುಂದೆ ಹಗ್ಗ ಕಟ್ಟಿದರು. ಕಾರ್ಯದರ್ಶಿಗೆ ಅವರು ಒಗ್ಗಟ್ಟು ತೋರಿಸಿದ್ದು ಅದೇ ಮೊದಲು. ಮೂಗಿನ ಪರೀಕ್ಷೆಯಲ್ಲಿ ಇಲ್ಲವೆಂದು ಬಂತು. ಮರುದಿನ ಜ್ವರವೂ ಇಲ್ಲ. ಅದರ ಮರುದಿನ ಹನ್ನೊಂದಕ್ಕೆ ಮತ್ತೆ ಚಳಿ. ಮತ್ತೊಮ್ಮೆ ಮೂಗು, ಮತ್ತೊಮ್ಮೆ ಇಲ್ಲ. ಫೋನಿನಲ್ಲಿ ಸಿಕ್ಕ ಡಾಕ್ಟರು, "ಇಲ್ಲ ಅಂತ ಬಂದ್ರೂ ಇದೆ ಅಂತಲೇ ತಿಳ್ಕೊಂಡು ಒಳಗಿರಿ," ಎಂದರು. ಎಂಟು ದಿನ ಕಳೆಯುವುದರಲ್ಲಿ ಎದ್ದು ನಿಂತರೆ ಗೋಡೆ ನನ್ನ ಕಡೆ ನಡೆದು ಬರುತ್ತಿತ್ತು. ಮಗಳು ಬಾಗಿಲಾಚೆಯಿಂದ, "ಅಪ್ಪಾ, ಎಪ್ಪಡಿ ಇರುಕ್ಕೆ?" ಎನ್ನುವಳು. ಚೆನ್ನಾಗಿದ್ದೇನೆ ಎನ್ನುವಷ್ಟರಲ್ಲಿ ಉಸಿರು ಮುಗಿಯುತ್ತಿತ್ತು. ಅವಳು ಆಚೆ ನಿಂತು ಅಳುವುದು ಕೇಳುತ್ತಿತ್ತು.

ಒಂಬತ್ತನೆಯ ದಿನ ಹಗ್ಗವನ್ನು ದಾಟಿಕೊಂಡು ಭಾವ ಬಂದರು. ವೇಲಚೇರಿಯಿಂದ ಸ್ಕೂಟರಿನಲ್ಲಿ, ನಾಲ್ಕು ಕಡೆ ಪೊಲೀಸರಿಗೆ ಪಾಸು ತೋರಿಸಿ. ಬಾಗಿಲಲ್ಲಿ ನಿಂತು ಕೇಳಿದರು.

"ಜ್ವರ ಎಷ್ಟು ಗಂಟೆಗೆ?"

"ಹನ್ನೊಂದಕ್ಕೆ."

"ನಿನ್ನೆ?"

"ಇರಲಿಲ್ಲ."

"ಮೊನ್ನೆ?"

"ಹನ್ನೊಂದಕ್ಕೆ."

ಮಾಸ್ಕಿನ ಮೇಲಿದ್ದ ಎರಡು ಕಣ್ಣು ನಕ್ಕವು. ಸಾಯಲಿರುವ ಭಾವಮೈದುನನನ್ನು ನೋಡಿ ಯಾರಾದರೂ ನಗುತ್ತಾರೆಯೆ? ನೇರ ಒಳಗೆ ಬಂದು ಮಂಚದ ಮೇಲೆ ಕುಳಿತರು. "ಬೆರಳು ಕೊಡು," ಎಂದರು. ಎಡಗೈಯ ಉಂಗುರದ ಬೆರಳನ್ನು ಸ್ಪಿರಿಟಿನಿಂದ ಒರೆಸಿ ಚುಚ್ಚಿದರು. ಹನಿಯನ್ನು ಗಾಜಿನ ಮೇಲೆ ಸವರಿ, ಆರಿದ ಮೇಲೆ ಆ ರಕ್ತದ ಮೇಲೆಯೇ ಪೆನ್ಸಿಲಿನಿಂದ ನನ್ನ ಹೆಸರು ಬರೆದರು. ಒಂಬತ್ತು ದಿನದಲ್ಲಿ ನನ್ನನ್ನು ಮುಟ್ಟಿದ ಮೊದಲ ಮನುಷ್ಯ ಇವರು ಎಂಬ ಯೋಚನೆ ಬಂತು. ಜ್ವರದ ತಲೆಗೆ ಏನೇನೋ ಬರುತ್ತದೆ.

ಸಂಜೆ ಫೋನು ಬಂತು. "ಉಂಟು ಮಾರಾಯ. ವೈವಾಕ್ಸು. ಚಂದದ ಸ್ಲೈಡು."

ಮಲೇರಿಯಾ ಎಂದು ತಿಳಿದು ನನ್ನ ಮನೆಯಲ್ಲಿ ಪಾಯಸ ಮಾಡಿದರು. ನೆರೆಯವರು ಹಗ್ಗ ಬಿಚ್ಚಿ ಅಭಿನಂದನೆ ಹೇಳಿದರು. ಮರುದಿನ ಭಾವ ಮಾತ್ರೆಗಳೊಂದಿಗೆ ಬಂದವರು ಮೊದಲು ಏಣಿ ಹತ್ತಿದರು. ಇಳಿದು ಬಂದು ಒಂದು ಸೀಸೆಯನ್ನು ನನ್ನ ಮುಂದಿಟ್ಟರು. ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ಅಡ್ಡ ಮಲಗಿದ ಹತ್ತಾರು ಮರಿಹುಳುಗಳು. "ನಿನ್ನ ಮೀಟಿಂಗಿನ ಸದಸ್ಯರು," ಎಂದರು. ಮುಚ್ಚಳ ಅದೇ ವಾರ ಬಂತು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾತ್ರೆ ಹದಿನಾಲ್ಕು ದಿನದ್ದು. ಮೂರು ದಿನಕ್ಕೆ ಜ್ವರ ಬಿಡುತ್ತದೆ, ಜ್ವರ ಬಿಟ್ಟವರು ಮಾತ್ರೆ ಬಿಡುತ್ತಾರೆ, ಯಕೃತ್ತಿನಲ್ಲಿ ಮಲಗಿರುವ ರೋಗಾಣು ಮುಂದೊಂದು ದಿನ ಏಳುತ್ತದೆ ಎಂಬುದು ಭಾವನ ಸಿದ್ಧಾಂತ. ಆದ್ದರಿಂದ ಯಾವ ರೋಗಿಯನ್ನೂ ನಂಬಬಾರದು. ಭಾವಮೈದುನನನ್ನಂತೂ ಖಂಡಿತ ನಂಬಬಾರದು. ಪ್ರತಿದಿನ ಬೆಳಿಗ್ಗೆ ಎಂಟಕ್ಕೆ, ಕ್ಲಿನಿಕ್ಕಿಗೆ ಹೋಗುವ ದಾರಿಯಲ್ಲಿ, ನಮ್ಮ ಬಾಲ್ಕನಿಯ ಕೆಳಗೆ ಸ್ಕೂಟರು ನಿಲ್ಲಿಸಿ ಕೂಗುವರು: "ನುಂಗು. ಬಾಯಿ ತೆರಿ. ನಾಲಗೆ ಎತ್ತು."

ಇಡೀ ಬೀದಿಗೆ ನೋಡಲು ಬೇರೇನೂ ಇಲ್ಲದ ಕಾಲ. ನಾನು ಕಂಬಿ ಹಿಡಿದು ಬಾಯಿ ತೆರೆದರೆ ಎದುರು ಬಾಲ್ಕನಿಗಳು ತುಂಬುತ್ತಿದ್ದವು. ಸೊಪ್ಪಿನ ಗಾಡಿಯ ಹೆಂಗಸು ನಾಲ್ಕನೆಯ ದಿನದಿಂದ ತಾನೂ ಸೇರಿಕೊಂಡಳು: "ನಾಕ್ಕ ಕಾಟ್ಟುಂಗ ಸಾರ್." ನಾಲಗೆ ತೋರಿಸಿ ಎಂದು. ಇಷ್ಟು ವರ್ಷ ಅಧಿಕಾರಿಯಾಗಿ ಸಂಪಾದಿಸಿದ ಘನತೆ ಹತ್ತು ಬೆಳಿಗ್ಗೆಗಳಲ್ಲಿ ನಾಲಗೆಯಡಿಯಿಂದ ಸೋರಿಹೋಯಿತು.

ಹನ್ನೊಂದನೆಯ ದಿನ ಎಂಟಾಯಿತು, ಎಂಟೂವರೆಯಾಯಿತು, ಸ್ಕೂಟರು ಬರಲಿಲ್ಲ. ನಾನು ರಸ್ತೆ ನೋಡಿದೆ, ಮಾತ್ರೆ ನೋಡಿದೆ. ಜ್ವರ ಬಿಟ್ಟು ವಾರವಾಗಿತ್ತು. ಮಾತ್ರೆಯನ್ನು ಪೊಟ್ಟಣಕ್ಕೆ ಮರಳಿ ಹಾಕಿ, ಸ್ವಾತಂತ್ರ್ಯ ಬಂದವನಂತೆ ಕಾಫಿ ಕುಡಿದೆ.

ಹತ್ತಕ್ಕೆ ಅಕ್ಕ ಅಳುತ್ತಾ ಫೋನು ಮಾಡಿದಳು. ಭಾವನಿಗೆ ಎರಡು ದಿನದಿಂದ ಜ್ವರವಿತ್ತಂತೆ, ಹೇಳಿರಲಿಲ್ಲವಂತೆ. ಹಿಂದಿನ ಸಂಜೆ ತಮ್ಮ ಬೆರಳನ್ನು ತಾವೇ ಚುಚ್ಚಿ ಸ್ಲೈಡು ನೋಡಿ, ಏನೂ ಸಿಗದೆ ಬೇಸರಪಟ್ಟುಕೊಂಡು, ಆಮೇಲೆ ಮೂಗಿನ ಪರೀಕ್ಷೆ ಮಾಡಿಸಿಕೊಂಡಿದ್ದರು. ಈಗ ಆಸ್ಪತ್ರೆಯಲ್ಲಿ, ಆಮ್ಲಜನಕದ ಮೇಲೆ. ಯಾರನ್ನೂ ಒಳಗೆ ಬಿಡುತ್ತಿಲ್ಲ.

ಹತ್ತೂವರೆಗೆ ಇನ್ನೊಂದು ಫೋನು. ಹೊಸ ನಂಬರು, ಬಹುಶಃ ನರ್ಸಿನದು. ಮೊದಲು ಬರೀ ಗಾಳಿಯ ಸದ್ದು. ಬಳಿಕ ಒಂದೊಂದೇ ಮಾತು, ನಡುವೆ ಒಂದೊಂದು ಉಸಿರು.

"ಮಾತ್ರೆ... ನುಂಗಿದಿಯಾ?"

"ನುಂಗಿದೆ ಭಾವ."

"ಸುಳ್ಳು." ಉಸಿರು. "ಈಗ ನುಂಗು."

ಪೊಟ್ಟಣ ಬಿಚ್ಚಿದೆ. ನೀರಿಲ್ಲದೆಯೇ ನುಂಗಿದೆ.

"ಬಾಯಿ ತೆರಿ."

ಅದು ಬರೀ ಧ್ವನಿಯ ಕರೆ. ಅವರಿಗೆ ನನ್ನ ಮುಖ ಕಾಣುವಂತಿರಲಿಲ್ಲ. ನಾನು ಬಾಲ್ಕನಿಗೆ ಹೋದೆ. ಕೆಳಗೆ ಸ್ಕೂಟರು ನಿಲ್ಲುತ್ತಿದ್ದ ಜಾಗಕ್ಕೆ ಮುಖ ಮಾಡಿ, ಇಡೀ ಬೀದಿಗೆ ಕಾಣುವ ಹಾಗೆ, ಬಾಯಿ ಅಗಲಿಸಿ ನಾಲಗೆ ಎತ್ತಿ ನಿಂತೆ.

"ಹ್ಞಾಂ," ಎಂದರು ಭಾವ. "ಇನ್ನು ಮೂರು."