ಮುರ್ರೆ ಎಂಬ ನನ್ನ ಸವತಿ

ನಿಧಿ, ತೇಜು, ನಿಮಗೆ ಇದುವರೆಗೆ ಯಾರೂ ಹೇಳದ ಸಂಗತಿಯೊಂದನ್ನು ಹೇಳುತ್ತೇನೆ. ನಿಮ್ಮ ಅಜ್ಜಿಗೆ ಒಬ್ಬಳು ಸವತಿ ಇದ್ದಳು! ಬೆಚ್ಚಿ ಬೀಳಬೇಡಿ. ಅವಳ ಉದ್ದ ಎರಡೂವರೆ ಸಾವಿರ ಕಿಲೋಮೀಟರ್. ತವರು ಹಿಮದ ಬೆಟ್ಟ. ನಿಮ್ಮ ತಾತ ಅವಳನ್ನು ಒಮ್ಮೆಯೂ ನೋಡದೆ ಮೂವತ್ತೆರಡು ವರ್ಷ ಪ್ರೀತಿಸಿದರು. ನನ್ನನ್ನು ಮಾತ್ರ ಎರಡು ಸಲ ಬಂದು ನೋಡಿ, ಎರಡು ಸಲವೂ ಉಪ್ಪಿಟ್ಟು ತಿಂದು, ಆಮೇಲೆ ಒಪ್ಪಿಕೊಂಡರು.

ತಾತನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರು ಇದ್ದಾಗ ಬಾಯಿಬಿಟ್ಟು ಹೇಳದ ಹೆಸರನ್ನು ಈಗ ಬರೆದರೆ, ಅವರಿಲ್ಲವೆಂದು ನಾನೇ ಸಹಿ ಹಾಕಿಕೊಟ್ಟ ಹಾಗೆ. ಊರಿಗೆಲ್ಲ ಅವರು ಮೇಷ್ಟ್ರು. ನನಗೂ ಅಷ್ಟೇ.

ಪಾವಗಡದ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಅವರು ಭೂಗೋಳ ಹೇಳುತ್ತಿದ್ದರು. ನಮ್ಮ ಸೀಮೆಯಲ್ಲಿ ನದಿ ಎಂದರೆ ಮರಳು. ಜನ ಅಲ್ಲಿಗೆ ಹೋಗುವುದು ಗಾಡಿ ತುಂಬಿಕೊಳ್ಳುವುದಕ್ಕೆ, ಸ್ನಾನಕ್ಕಲ್ಲ. ಅಂಥ ಊರಿನಲ್ಲಿ ನಿಂತು ತಾತ ಆಸ್ಟ್ರೇಲಿಯಾದ ಮುರ್ರೆ ನದಿಯ ಪಾಠ ಮಾಡುತ್ತಿದ್ದರು. ಪುಸ್ತಕದಲ್ಲಿ ಇದ್ದದ್ದು ನಾಲ್ಕು ಸಾಲು, ತಾತನ ಪಾಠ ನಾಲ್ಕು ದಿನ! ಯೂರೋಪಿನದಲ್ಲ, ಆ ದೇಶದ್ದೇ ಆದ ಆಲ್ಪ್ಸ್ ಬೆಟ್ಟದಲ್ಲಿ ಹಿಮ ಕರಗುವುದು, ಹನಿ ಸೇರಿ ತೊರೆಯಾಗುವುದು, ಕಣಿವೆಯಲ್ಲಿ ಹಸುರು ಹಬ್ಬುವುದು, ಉಗಿದೋಣಿಗಳು ಉಣ್ಣೆಯ ಮೂಟೆ ಹೊತ್ತು ತೇಲುವುದು. ಗಂಟೆ ಹೊಡೆದ ಕೂಡಲೇ ಇಡೀ ತರಗತಿ ಎದ್ದು ನೀರಿನ ಮಡಕೆಯ ಹತ್ತಿರ ಓಡುತ್ತಿತ್ತಂತೆ. ಅಷ್ಟು ಬಾಯಾರಿಕೆ ಹುಟ್ಟಿಸುವ ಮೇಷ್ಟ್ರು ಇನ್ನೆಲ್ಲಿದ್ದಾರೆ?

ಅವರಿಗೆ ಇದ್ದದ್ದು ಒಂದೇ ಆಸೆ. ಆ ನದಿ ಹುಟ್ಟುವ ಜಾಗದಲ್ಲಿ ನಿಂತು, ಒಮ್ಮೆ ಕೈ ಅದ್ದಬೇಕು.

ನಿಮ್ಮ ಅಪ್ಪ ನಮ್ಮಿಬ್ಬರನ್ನೂ ಅಡಿಲೇಡಿಗೆ ಕರೆಸಿಕೊಂಡ. ಆಗ ನೀವಿನ್ನೂ ಬ್ರಿಸ್ಬೇನಿಗೆ ಹೋಗಿರಲಿಲ್ಲ. ವಿಮಾನದಿಂದ ಇಳಿದ ತಾತ ಮಗನನ್ನು ಚೆನ್ನಾಗಿದ್ದೀಯಾ ಎಂದು ಕೂಡ ಕೇಳಲಿಲ್ಲ.

"ಮಗಾ, ಈ ಊರಿಗೆ ಕುಡಿಯೋ ನೀರು ಎಲ್ಲಿಂದ?"

"ಮಳೆ ಕಮ್ಮಿ ಆದಾಗ ನದಿಯಿಂದ ಪೈಪಲ್ಲಿ ತರ್ತಾರಪ್ಪ. ಅದೇ, ನಿಮ್ಮ ಮುರ್ರೆ."

ಅಂದಿನಿಂದ ಅಡುಗೆಮನೆಯ ನಲ್ಲಿಯೇ ತಾತನ ತೀರ್ಥಕ್ಷೇತ್ರ. ಬೆಳಿಗ್ಗೆ ಎದ್ದು ಲೋಟ ಹಿಡಿದು, ಕಣ್ಣು ಮುಚ್ಚಿ ಕುಡಿಯುತ್ತಿದ್ದರು. ನಿಮ್ಮಮ್ಮ ಎಷ್ಟು ಸಲ ಹೇಳಿದಳೋ!

"ಮಾವ, ಅದರಲ್ಲಿ ಔಷಧಿ ವಾಸನೆ ಬರತ್ತೆ. ಫಿಲ್ಟರ್ ನೀರು ಕುಡೀರಿ."

"ಫಿಲ್ಟರ್ ಹಾಕಿದ್ರೆ ಆಲ್ಪ್ಸ್ ಎಲ್ಲಾ ಅದರಲ್ಲೇ ಉಳಿದುಬಿಡತ್ತಮ್ಮ!"

ನಿಧಿ, ಆ ನದಿಯ ಹೆಸರು ತಿದ್ದಿದವಳು ನೀನು. "ತಾತಾ, ಇಟ್ಸ್ ನಾಟ್ ಮುರ್ರೆ. ಇಟ್ಸ್ ಮರೀ," ಎಂದೆ. ತಾತ ಲೋಟವನ್ನು ಕೆಳಗಿಟ್ಟರು. "ಮರೀನಾ? ನಿನ್ನನ್ನ ಕರೀತೀನಲ್ಲ, ಬಾರೇ ಮರೀ ಅಂತ, ಆ ಮರೀನಾ?" ನೀನು ಹೌದೆಂದು ತಲೆಯಾಡಿಸಿದೆ. ತಾತ ನನ್ನ ಕಡೆ ತಿರುಗಿದರು. "ಕೇಳಿದ್ಯೇನೇ? ಮುದ್ದು ಮರಿಯನ್ನ ಮೂವತ್ತೆರಡು ವರ್ಷ ಮುರ್ರೆ ಮುರ್ರೆ ಅಂತ ಗದರಿಸಿಬಿಟ್ಟೆನಲ್ಲೇ!" ಆಮೇಲೆ ಅವರು ಮನೆಯಲ್ಲಿ "ಮರೀ" ಎಂದು ಕೂಗಿದರೆ ನೀನು ಓಡಿ ಬರಬೇಕೋ, ನಾನು ನಲ್ಲಿ ತಿರುಗಿಸಬೇಕೋ ಯಾರಿಗೂ ತಿಳಿಯುತ್ತಿರಲಿಲ್ಲ.

ಒಂದು ದಿನ ನನ್ನ ರಂಗೋಲಿ ಡಬ್ಬಿ ಕಾಣೆಯಾಯಿತು. ಹೊರಗೆ ಹೋಗಿ ನೋಡಿದರೆ, ಕಾರು ನಿಲ್ಲಿಸುವ ಜಾಗದ ತುಂಬ ನದಿ! ಗ್ಯಾರೇಜಿನ ಬಾಗಿಲಲ್ಲಿ ಆಲ್ಪ್ಸ್, ಟಪಾಲು ಡಬ್ಬಿಯ ಬುಡದಲ್ಲಿ ಸಮುದ್ರ. ತಾತ ಬಗ್ಗಿ ನಿಂತು ತೇಜುವಿಗೆ ಪಾಠ ಮಾಡುತ್ತಿದ್ದರು. "ನೋಡೋ, ಇಲ್ಲೊಂದು ಅಣೆಕಟ್ಟು. ನೀರು ಏರತ್ತೆ ಅಂತ ಇಲ್ಲಿದ್ದ ಊರನ್ನೇ ಎತ್ತಿ ಆಚೆ ಇಟ್ರು. ಮನೆಗಳನ್ನ ಲಾರಿ ಮೇಲೆ ಹೇರ್ಕೊಂಡು ಹೋದ್ರು! ಇಲ್ಲಿನ ಮೂಲದ ಜನ ಏನಂತಾರೆ ಗೊತ್ತಾ? ಒಂದು ದೊಡ್ಡ ಮೀನು ಬಾಲ ಬಡೀತಾ ಬಡೀತಾ ಓಡಿದ್ದಕ್ಕೇ ನದಿ ಇಷ್ಟು ಅಗಲ ಆಯ್ತಂತೆ." ತೇಜು, ನೀನು ಕೇಳಿದ್ದು ಒಂದೇ ಮಾತು: "ವೇರ್ ಈಸ್ ದ ಫಿಶ್ ನೌ?" ಅಷ್ಟರಲ್ಲಿ ಗ್ಯಾರೇಜಿನಿಂದ ನಿಮ್ಮಮ್ಮನ ಕಾರು ಹೊರಗೆ ಬಂತು. ಅರ್ಧ ಮುರ್ರೆ ಟೈರಿಗೆ ಅಂಟಿಕೊಂಡು ಅಂಗಡಿ ಬೀದಿಯವರೆಗೆ ಹೋಯಿತು. ತಾತ ಬೇಜಾರು ಮಾಡಿಕೊಂಡರೇ? "ಪ್ರವಾಹ ಬಂದ್ರೆ ಹಿಂಗೇ ಕಣೋ, ದಿಕ್ಕು ಬದಲಾಗತ್ತೆ," ಎಂದರು!

ನದಿಯ ಕೊನೆಯ ಭಾಗ ಅಡಿಲೇಡಿನಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ. ಒಂದು ಭಾನುವಾರ ನಿಮ್ಮಪ್ಪ ಹೇಳದೆ ಕೇಳದೆ ಅತ್ತ ಕಾರು ತಿರುಗಿಸಿದ. ಸೇತುವೆ ಬಂದಾಗ ನೋಡಿದರೆ, ತಾತ ಹೆಗಲ ಮೇಲಿನ ಟವಲನ್ನು ಮುಖಕ್ಕೆ ಸುತ್ತಿಕೊಂಡು ಕುಳಿತಿದ್ದಾರೆ!

"ಅಪ್ಪಾ, ಇದೇ ನಿಮ್ಮ ನದಿ! ಕಣ್ಣು ಬಿಡಿ!"

"ಬಿಡಲ್ಲ. ತಲೆ ಕಡೆಯಿಂದ ನೋಡಬೇಕಾದವಳನ್ನ ಬಾಲದ ಕಡೆಯಿಂದ ನೋಡೋದಾ? ಪಾಠವನ್ನ ಯಾರಾದ್ರೂ ಕೊನೇ ಸಾಲಿಂದ ಶುರು ಮಾಡ್ತಾರಾ?"

ಅಷ್ಟು ದೂರ ಹೋಗಿ, ಐಸ್‌ಕ್ರೀಮ್ ತಿಂದು, ನದಿ ನೋಡದೆ ವಾಪಸ್ ಬಂದೆವು.

ಹುಟ್ಟುವ ಜಾಗದಲ್ಲಿ ಆ ನದಿಯನ್ನು ಒಂದೇ ಹೆಜ್ಜೆಯಲ್ಲಿ ದಾಟಬಹುದಂತೆ. ಅದಕ್ಕೂ ತಾತ ಅಭ್ಯಾಸ ಮಾಡಿದರು. ಹಿತ್ತಲಲ್ಲಿ ಗಿಡಕ್ಕೆ ನೀರು ಹಾಕುವ ಪೈಪನ್ನು ಹಾಸಿ, ಪಂಚೆ ಎತ್ತಿ ಕಟ್ಟಿ, ಅತ್ತಿಂದಿತ್ತ ಇತ್ತಿಂದತ್ತ! ಮಂಡಿ ನೋವಿಗೆ ರಾತ್ರಿ ಎಣ್ಣೆ ತಿಕ್ಕುವವಳು ಯಾರು? ಈ ಹಿರಿಯ ಹೆಂಡತಿ.

ಇನ್ನು ಮುಂದಿನದನ್ನು ನಗುತ್ತಾ ಬರೆಯಲು ನನಗೆ ಬರುವುದಿಲ್ಲ.

ಆ ವರ್ಷ ಈಸ್ಟರ್ ರಜೆಗೆ ಬೆಟ್ಟಕ್ಕೆ ಹೋಗೋಣವೆಂದು ನಿಮ್ಮಪ್ಪ ಎಲ್ಲ ಸಿದ್ಧ ಮಾಡಿದ್ದ. ಬೇಡವೆಂದವಳು ನಾನು. ದಾರಿ ಎರಡು ದಿನದ್ದು. ನನಗೆ ಗಂಟೆಗೊಮ್ಮೆ ಕಾರು ನಿಲ್ಲಿಸಬೇಕಾಗುತ್ತದೆ. ಅದನ್ನು ಮಗನ ಹತ್ತಿರ ಹೇಗೆ ಹೇಳುವುದು? ನಾಚಿಕೆ. "ಈ ದೇಶದಲ್ಲಿ ಈಗ ಚಳಿ ಶುರುವಾಗತ್ತೆ, ಮುಂದೆ ನೋಡೋಣ," ಎಂದುಬಿಟ್ಟೆ. ತಾತ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಅವರಿಗೆ ತಿಳಿಯಿತು. ಮಗನಿಗೆ ಹೇಳಿದರು, "ಅವಳು ಹೇಳೋದು ಸರಿ ಕಣೋ. ಹಿಮ ಕರಗಿದ ಮೇಲೆ ನೀರು ಜಾಸ್ತಿ. ಆಗಲೇ ಚೆಂದ."

ಹಿಮ ಕರಗುವವರೆಗೆ ಅವರು ಉಳಿಯಲಿಲ್ಲ.

ಚಳಿಗಾಲದ ಕೊನೆಯಲ್ಲಿ ಅವರನ್ನು ಆಸ್ಪತ್ರೆಗೆ ಸೇರಿಸಿದೆವು. ಇವರನ್ನು ಏನೆಂದು ಕರೆಯಬೇಕು ಎಂದು ನರ್ಸ್ ನನ್ನನ್ನು ಕೇಳಿದಳು. ನಾನು ನೆಲ ನೋಡುತ್ತಾ "ಮೇಷ್ಟ್ರು" ಎಂದೆ. ಅವಳು ಹಾಸಿಗೆಯ ಮೇಲಿನ ಬೋರ್ಡಿನಲ್ಲಿ ಬರೆದಳು. ಸಂಜೆ ನೀವು ಬಂದು ಓದಿ ನಕ್ಕಿದ್ದೇ ನಕ್ಕಿದ್ದು. ಅವಳ ಕಿವಿಗೆ ಅದು "ಮಿಸ್ಟರಿ" ಎಂದು ಕೇಳಿಸಿತ್ತಂತೆ! ನೀವು ಅದರ ಅರ್ಥ ಹೇಳಿದಾಗ ತಾತನೂ ನಕ್ಕರು. "ಐವತ್ತು ವರ್ಷ ಆದ್ರೂ ಇವಳಿಗೆ ನಾನು ಅರ್ಥ ಆಗಿಲ್ಲ. ಅವಳು ಸರಿಯಾಗೇ ಬರೆದಿದ್ದಾಳೆ, ಅಳಿಸಬೇಡಿ." ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ಎರಡು ದಿನದ ಮೇಲೆ, ಮಧ್ಯಾಹ್ನ, ಅವರ ಉಸಿರು ಬದಲಾಯಿತು. ಕೊನೆಗಾಲಕ್ಕೆ ಬಾಯಿಗೆ ಬಿಡಲೆಂದು ನಾವು ಕಾಶಿಯಿಂದ ತರಿಸಿಟ್ಟಿದ್ದ ಗಂಗೆಯ ಗಿಂಡಿ ಪಾವಗಡದ ಮನೆಯ ದೇವರ ಗೂಡಿನಲ್ಲೇ ಉಳಿದಿತ್ತು. ಅದಕ್ಕಾಗಿ ನಾನು ಗೋಡೆಗೆ ಮುಖ ಮಾಡಿ ಅತ್ತೆ. ತಾತನಿಗೆ ಕೇಳಿಸಿತು.

"ಯಾಕೇ ಅಳ್ತೀಯ? ಗಂಗೆನೂ ಹಿಮದವಳು, ಇವಳೂ ಹಿಮದವಳು. ಅಕ್ಕ ತಂಗಿ. ಆ ನಲ್ಲಿ ತಿರುಗಿಸು."

ನಿಧಿ, ಮೂಲೆಯ ನಲ್ಲಿಯಿಂದ ಕಾಗದದ ಲೋಟದಲ್ಲಿ ನೀರು ಹಿಡಿದು ತಂದವಳು ನೀನು. ಡಾಕ್ಟರಮ್ಮ ಕೊಡಿ ಎಂಬಂತೆ ತಲೆಯಾಡಿಸಿದಳು. ನೀನು ಎರಡು ಚಮಚ ಬಿಟ್ಟೆ. ತಾತ ಕಣ್ಣು ಮುಚ್ಚಿ ನುಂಗಿದರು, ಅಡುಗೆಮನೆಯಲ್ಲಿ ನುಂಗುತ್ತಿದ್ದ ಹಾಗೆಯೇ. ಆಮೇಲೆ "ಮರೀ" ಎಂದರು.

"ಯೆಸ್ ತಾತಾ," ಎಂದೆ ನೀನು.

ಅವರು ಕರೆದದ್ದು ನಿನ್ನನ್ನೋ ಅವಳನ್ನೋ? ನೀವಿಬ್ಬರೂ ಅಲ್ಲೇ ಇದ್ದಿರಿ, ಒಂದೇ ಚಮಚದ ಎರಡು ತುದಿಯಲ್ಲಿ. ನಾನು ಪಕ್ಕದಲ್ಲಿ ನಿಂತಿದ್ದೆ. ಹೊಟ್ಟೆಕಿಚ್ಚು ಪಡಬೇಕಾದವಳು ಅವಳಿಗೆ ಕೈ ಮುಗಿದೆ.

ಈಗ ನಾನು ಪರ್ತಿನಲ್ಲಿ, ಎಲೆನ್‌ಬ್ರೂಕ್ ಬಡಾವಣೆಯ ನಿಮ್ಮ ಸೋದರತ್ತೆಯ ಮನೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಸಮುದ್ರದ ಉಪ್ಪು ತೆಗೆದು ನಲ್ಲಿಗೆ ಬಿಡುತ್ತಾರಂತೆ. ಅಂದರೆ ಸಮುದ್ರ ಸೇರಿದ ಮೇಲೂ ಅವಳು ನನ್ನನ್ನು ಹುಡುಕಿಕೊಂಡು ಬಂದಿದ್ದಾಳೆ. ಸವತಿಯಲ್ಲವೇ, ಬಿಟ್ಟಾಳೆಯೇ? ಬೆಳಿಗ್ಗೆ ಲೋಟ ಹಿಡಿದಾಗ ನಾನೂ ಕಣ್ಣು ಮುಚ್ಚುತ್ತೇನೆ.

ಕಾರು ನಿಲ್ಲಿಸು ಎನ್ನಲು ನಾಚಿದ ಸಂಗತಿಯನ್ನು ನಿಮ್ಮಪ್ಪನಿಗೆ ನಾನು ಇಂದಿಗೂ ಹೇಳಿಲ್ಲ. ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಇದನ್ನು ಅವನೇ ಗಟ್ಟಿಯಾಗಿ ಓದಿ ಹೇಳಬೇಕು. ಆ ಸಾಲಿಗೆ ಬಂದಾಗ ಅವನಿಗೂ ತಿಳಿಯಲಿ. ಅಲ್ಲಿ ಅವನ ದನಿ ನಿಂತರೆ ಒಂದು ಲೋಟ ನೀರು ಕೊಡಿ. ನೀವು ದೊಡ್ಡವರಾಗಿ ಆ ಬೆಟ್ಟಕ್ಕೆ ಹೋದಾಗ, ತಾತನಿಗಾಗಿ ಒಂದು ಹೆಜ್ಜೆ ಅತ್ತ ಹಾಕಿ, ನನಗಾಗಿ ಒಂದು ಹೆಜ್ಜೆ ಇತ್ತ ಹಾಕಿ. ಅಲ್ಲಿಯವರೆಗೆ ಈ ಹಾಳೆಗಳನ್ನು ಒದ್ದೆಯಾಗದ ಕಡೆ ಜೋಪಾನವಾಗಿ ಇಟ್ಟುಕೊಳ್ಳಿ, ಮರೀ.